ಶೇರಿನ ಡಿವಿಡೆಂಡ್ ಚರಿತ್ರೆ ಓದುದು ಹೇಗೆ, ಯೀಲ್ಡ್ ಲೆಕ್ಕ ಹಾಕುದು ಹೇಗೆ: ನೋಟ್‌ಬುಕ್ ಹಿಡಿದು ಮಾಡುವ ಪೂರ್ತಿ ಕೆಲಸ

ಮೊನ್ನೆ ಉಡುಪಿಯಿಂದ ದೊಡ್ಡಮ್ಮನ ಮಗ ಒಂದು ಸ್ಕ್ರೀನ್‌ಶಾಟ್ ಕಳಿಸಿದ, ಯಾವುದೋ ಆ್ಯಪಲ್ಲಿ ಒಂದು ಶೇರಿಗೆ ಡಿವಿಡೆಂಡ್ ಯೀಲ್ಡ್ 11% ಅಂತ ಇತ್ತು (ಕಂಪನಿ ಶೇರು ಇದ್ದವರಿಗೆ ಹಂಚುವ ಹಣ ಡಿವಿಡೆಂಡ್, ವರ್ಷದ ಡಿವಿಡೆಂಡ್ ಶೇರಿನ ಬೆಲೆಯ ಶೇಕಡಾ ಎಷ್ಟು ಅಂತ ಹೇಳುದು ಯೀಲ್ಡ್), ಕೆಳಗೆ ಅವನ ಪ್ರಶ್ನೆ, "ಅಣ್ಣ, ಅಮ್ಮನ ಎಫ್‌ಡಿ ಮುರಿದು ಇದಕ್ಕೆ ಹಾಕುದಾ?" ದೊಡ್ಡಮ್ಮನಿಗೆ ಪೆನ್ಶನ್ ಇಲ್ಲ, ಆ ಎಫ್‌ಡಿ ಬಡ್ಡಿಯಲ್ಲೇ ಮದ್ದು, ಮನೆ ಖರ್ಚು ಎಲ್ಲ ನಡಿಯುದು, ಹಾಗಾಗಿ ಫೋನಲ್ಲಿ ಎರಡು ಮಾತು ಹೇಳಿ ಮುಗಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಆದಿತ್ಯವಾರ ಬೆಳಿಗ್ಗೆ ಮಂಗಳೂರಿಂದ ಬಸ್ಸು ಹಿಡಿದು ಹೋದೆ, ಅವನ ಜೊತೆ ಕೂತು ಆ ಶೇರಿನ ಹತ್ತು ವರ್ಷದ ಡಿವಿಡೆಂಡ್ ಒಂದೊಂದಾಗಿ ಬರೆದೆವು, ಮಧ್ಯಾಹ್ನ ಊಟದ ಹೊತ್ತಿಗೆ ಆ 11% ಎಂತದ್ದು ಅಂತ ಅವನಿಗೇ ಗೊತ್ತಾಯ್ತು. ಅವತ್ತು ನಾವು ಮಾಡಿದ ಕೆಲಸವನ್ನೇ ಇಲ್ಲಿ ಸ್ವಲ್ಪ ವಿಸ್ತಾರ ಮಾಡಿ ಬರೀತಿದ್ದೇನೆ, ಯಾಕಂದ್ರೆ ನಮ್ಮ ಕಡೆ ಶೇರು ಇಲ್ಲದ ಮನೆ ಕಮ್ಮಿ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಲ್ಲಿ ಶುರುವಾದದ್ದು, ಕಾರ್ಪೊರೇಶನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ, ಇದರಲ್ಲಿ ಯಾವುದಾದ್ರೂ ಒಂದರ ಶೇರು ಅಜ್ಜನ ಕಾಲದಿಂದ ಟ್ರಂಕಲ್ಲಿ ಇದ್ದೇ ಇರ್ತದೆ.

ಮೊದಲು ಬೇಕಾದದ್ದು ಒಂದು ನೋಟ್‌ಬುಕ್, ಎಕ್ಸೆಲ್ ಗೊತ್ತಿದ್ರೆ ಎಕ್ಸೆಲ್. ಕಾಲಂ ಹೀಗೆ ಎಳೀರಿ: ಯಾವ ಹಣಕಾಸು ವರ್ಷದ್ದು, ಇಂಟೆರಿಮ್ಮಾ (ವರ್ಷದ ಮಧ್ಯದಲ್ಲಿ ಕೊಡುದು) ಫೈನಲ್ಲಾ (ವರ್ಷ ಮುಗಿದ ಮೇಲೆ ಕೊಡುದು) ಸ್ಪೆಷಲ್ಲಾ (ಮಾಮೂಲಿಗಿಂತ ಬೇರೆಯಾಗಿ ಕೊಡುದು), ಶೇರಿಗೆ ಎಷ್ಟು ರೂಪಾಯಿ, ಆಗ ಫೇಸ್ ವ್ಯಾಲ್ಯೂ (ಶೇರಿನ ಮೇಲೆ ನಮೂದಾದ ಮೂಲ ಬೆಲೆ) ಎಷ್ಟಿತ್ತು, ಎಕ್ಸ್-ಡೇಟ್ (ಆ ದಿನದಿಂದ ತೆಗೊಂಡವರಿಗೆ ಆ ಡಿವಿಡೆಂಡ್ ಇಲ್ಲ) ಯಾವುದು, ಆ ವರ್ಷ ಶೇರಿಗೆ ಲಾಭ ಎಷ್ಟು, ಮತ್ತೆ ಕೊನೆಗೆ ಒಂದು ಅಗಲದ ಕಾಲಂ "ಯಾಕೆ" ಅಂತ. ಈ ಕೊನೆಯ ಕಾಲಂ ಯಾವ ಆ್ಯಪಲ್ಲೂ ಇರುದಿಲ್ಲ, ನಿಜವಾದ ಕೆಲಸ ಇರುದು ಅದರಲ್ಲೇ. ಹತ್ತು ವರ್ಷದ್ದು ಬರೆದ್ರೆ ಒಳ್ಳೇದು, ಐದಕ್ಕಿಂತ ಕಮ್ಮಿ ಬೇಡ, ಐದೇ ವರ್ಷ ಆದ್ರೆ ಒಂದು ಕೆಟ್ಟ ಕಾಲ ಅದರಲ್ಲಿ ಬರದೇ ಹೋಗ್ಬಹುದು.

ಮಾಹಿತಿ ಎಲ್ಲಿಂದ ತೆಗಿಯುದು

ಶೇರು ಮಾರುಕಟ್ಟೆಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ವೆಬ್‌ಸೈಟಲ್ಲಿ ಕಂಪನಿ ಹೆಸರು ಹಾಕಿ ಕಾರ್ಪೊರೇಟ್ ಆಕ್ಷನ್ಸ್ ಅಂತ ಇರ್ತದೆ, ಅದನ್ನು ಒತ್ತಿದ್ರೆ ಡಿವಿಡೆಂಡ್, ಬೋನಸ್ (ಇದ್ದ ಶೇರಿನ ಮೇಲೆ ಪುಕ್ಕಟೆ ಕೊಡುವ ಶೇರು), ಸ್ಪ್ಲಿಟ್ (ಒಂದು ಶೇರನ್ನು ಸಣ್ಣ ಶೇರುಗಳಾಗಿ ಒಡಿಯುದು) ಎಲ್ಲ ದಿನಾಂಕ ಸಮೇತ ಬರ್ತದೆ. ಇದು ಒಂದು. ಎರಡನೇದು ಕಂಪನಿಯದ್ದೇ ವಾರ್ಷಿಕ ವರದಿ, ಅದರಲ್ಲಿ ಡೈರೆಕ್ಟರುಗಳ ವರದಿ ಅಂತ ಇರುವ ಕಡೆ ಈ ವರ್ಷ ಎಷ್ಟು, ಹೋದ ವರ್ಷ ಎಷ್ಟು ಅಂತ ಬರೆದಿರ್ತಾರೆ, ಕೆಲವು ಕಂಪನಿಗಳು ಹತ್ತು ವರ್ಷದ ಪಟ್ಟಿಯನ್ನೇ ಕೊಡ್ತಾರೆ. ಲಿಸ್ಟ್ ಆದ ಕಂಪನಿಗಳಲ್ಲಿ ಮಾರುಕಟ್ಟೆ ಬೆಲೆಯಲ್ಲಿ ದೊಡ್ಡ 1000 ಕಂಪನಿಗಳು ತಮ್ಮ ಡಿವಿಡೆಂಡ್ ಪಾಲಿಸಿಯನ್ನು ವೆಬ್‌ಸೈಟಲ್ಲಿ ಹಾಕ್ಲೇಬೇಕು ಅಂತ ಶೇರು ಮಾರುಕಟ್ಟೆ ನೋಡ್ಕೊಳ್ಳುವ ಸೆಬಿಯ ನಿಯಮ ಉಂಟು, ಮೂರು ನಾಲ್ಕು ಪುಟ ಅಷ್ಟೆ, ಅದನ್ನು ಓದದೆ ಮುಂದೆ ಹೋಗ್ಬೇಡಿ. ಆ್ಯಪಲ್ಲಿ ಬರುವ ನಂಬರ್ ತಾಳೆ ನೋಡ್ಲಿಕ್ಕೆ ಮಾತ್ರ ಇಟ್ಕೊಳ್ಳಿ.

ಶೇಕಡಾ ಬಿಟ್ಟು ರೂಪಾಯಿ ಬರೀರಿ

ಹಳೇ ಕಾಲದವರಿಗೆ ಬ್ಯಾಂಕು "40 ಪರ್ಸೆಂಟ್ ಡಿವಿಡೆಂಡ್ ಕೊಟ್ಟಿತು" ಅಂತ ಹೇಳಿಯೇ ಅಭ್ಯಾಸ, ನನ್ನ ಅಪ್ಪ ಈಗಲೂ ಹಾಗೇ ಹೇಳುದು. ಆ ಪರ್ಸೆಂಟ್ ಫೇಸ್ ವ್ಯಾಲ್ಯೂ ಮೇಲೆ, ನೀವು ಕೊಟ್ಟ ಬೆಲೆ ಮೇಲೆ ಅಲ್ಲ. 10 ರೂಪಾಯಿ ಫೇಸ್ ವ್ಯಾಲ್ಯೂ ಶೇರಿಗೆ 40% ಅಂದ್ರೆ ಬರೇ 4 ರೂಪಾಯಿ. ಎಂಆರ್‌ಎಫ್ ನೋಡಿ, 2023-24ಕ್ಕೆ ಒಟ್ಟು 200 ರೂಪಾಯಿ ಕೊಟ್ಟಿತು, ಫೇಸ್ ವ್ಯಾಲ್ಯೂ 10, ಅಂದ್ರೆ 2000% ಡಿವಿಡೆಂಡ್, ಕೇಳಿದ್ರೆ ಯಾರಿಗಾದ್ರೂ ಆಸೆ ಆಗ್ತದೆ, ಆದ್ರೆ ಶೇರಿನ ಬೆಲೆ ಒಂದು ಲಕ್ಷ ದಾಟಿದ್ದು, ಯೀಲ್ಡ್ 0.2% ಕೂಡ ಇಲ್ಲ. ಹಾಗಾಗಿ ನೋಟ್‌ಬುಕ್ಕಲ್ಲಿ ಯಾವತ್ತೂ ಶೇರಿಗೆ ಇಷ್ಟು ರೂಪಾಯಿ ಅಂತಲೇ ಬರೀರಿ, ಫೇಸ್ ವ್ಯಾಲ್ಯೂ ಪಕ್ಕದಲ್ಲಿ ಇರ್ಲಿ, ಅದು ಮುಂದೆ ಸ್ಪ್ಲಿಟ್ ಲೆಕ್ಕಕ್ಕೆ ಬೇಕು.

ಸ್ಪ್ಲಿಟ್, ಬೋನಸ್, ವಿಲೀನ: ಇಲ್ಲೇ ಹೆಚ್ಚು ಜನ ಎಡವುದು

ಕೆನರಾ ಬ್ಯಾಂಕನ್ನೇ ತೆಗೊಳ್ಳುವ. 2021-22ಕ್ಕೆ 6.50 ರೂಪಾಯಿ, 2022-23ಕ್ಕೆ 12, 2023-24ಕ್ಕೆ 16.10, ಆಮೇಲೆ 2024-25ಕ್ಕೆ 4 ರೂಪಾಯಿ. ಇಷ್ಟೇ ನೋಡಿದವ "ಅಯ್ಯೋ ಡಿವಿಡೆಂಡ್ ಕಾಲು ಭಾಗಕ್ಕೆ ಇಳಿಯಿತು, ಬ್ಯಾಂಕಿಗೆ ಎಂತಾಯ್ತು" ಅಂತ ಗಾಬರಿ ಆಗ್ತಾನೆ. ಆದದ್ದು ಎಂತ ಅಂದ್ರೆ, 2024ರ ಮೇ ತಿಂಗಳಲ್ಲಿ 10 ರೂಪಾಯಿ ಫೇಸ್ ವ್ಯಾಲ್ಯೂನ ಒಂದು ಶೇರು 2 ರೂಪಾಯಿಯ ಐದು ಶೇರು ಆಯ್ತು. ಹಾಗಾಗಿ ಹಿಂದಿನದ್ದನ್ನೆಲ್ಲ ಐದರಿಂದ ಭಾಗಿಸ್ಬೇಕು, ಆಗ ಸಾಲು 1.30, 2.40, 3.22, 4.00 ಅಂತ ಆಗ್ತದೆ, ಪ್ರತಿ ವರ್ಷ ಏರಿದ್ದು! ಅದೇ ಬ್ಯಾಂಕು, ಅದೇ ಹಣ, ಲೆಕ್ಕ ಹೊಂದಿಸದೆ ಓದಿದ್ರೆ ಕುಸಿತ, ಹೊಂದಿಸಿ ಓದಿದ್ರೆ ಏರಿಕೆ. ಕೆಲವು ಸೈಟುಗಳು 2023-24ರ ಸಾಲಲ್ಲಿ 16.10 ಅಂತ ಹಾಕ್ತವೆ, ಕೆಲವು 3.22 ಅಂತ, ಎರಡೂ ಸರಿಯೇ, ಯಾಕಂದ್ರೆ ಘೋಷಣೆ ಸ್ಪ್ಲಿಟ್‌ಗಿಂತ ಮೊದಲು, ಹಣ ಕೈಗೆ ಬಂದದ್ದು ಸ್ಪ್ಲಿಟ್ ಆದ ಮೇಲೆ. ಒಂದೇ ಪಟ್ಟಿಯಲ್ಲಿ ಎರಡು ರೀತಿಯದ್ದು ಬೆರೆಸಿದ್ರೆ ಮಾತ್ರ ಲೆಕ್ಕ ಹಾಳು.

ಬೋನಸ್ಸಿಗೂ ಇದೇ ಕ್ರಮ. ಕರ್ಣಾಟಕ ಬ್ಯಾಂಕ್ 2020ರ ಮಾರ್ಚಲ್ಲಿ ಹತ್ತು ಶೇರಿಗೆ ಒಂದು ಬೋನಸ್ ಕೊಟ್ಟಿತು, ಹತ್ತು ಇದ್ದದ್ದು ಹನ್ನೊಂದಾಯ್ತು. ಹಾಗಾಗಿ 2018-19ರ 3.50 ರೂಪಾಯಿಯನ್ನು ಈಗಿನ ಶೇರಿಗೆ ಹೋಲಿಸ್ಬೇಕಾದ್ರೆ ಹತ್ತರಿಂದ ಗುಣಿಸಿ ಹನ್ನೊಂದರಿಂದ ಭಾಗಿಸಿ, ಸುಮಾರು 3.18 ಆಗ್ತದೆ. ಸಣ್ಣ ವ್ಯತ್ಯಾಸ, ಆದ್ರೆ ಒಂದಕ್ಕೆ ಒಂದು ಬೋನಸ್ ಕೊಟ್ಟ ಕಂಪನಿಯಲ್ಲಿ ಇದನ್ನು ಮರೆತ್ರೆ ಅರ್ಧಕ್ಕರ್ಧ ತಪ್ಪಾಗ್ತದೆ.

ವಿಲೀನದ್ದು ನಮ್ಮ ಊರಿನವರಿಗೆ ಎಲ್ಲಕ್ಕಿಂತ ಮುಖ್ಯ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, ಸಾವಿರ ಶೇರಿಗೆ 402 ಬರೋಡಾ ಶೇರು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ ಸೇರಿತು, ಸಾವಿರಕ್ಕೆ 158, ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಾವಿರಕ್ಕೆ 330. ಈಗ ಮನೆಯಲ್ಲಿ ಸಿಂಡಿಕೇಟಿನ ಸಾವಿರ ಶೇರು ಇತ್ತು ಅಂತ ಇಟ್ಕೊಳ್ಳಿ, ಅದು 158 ಕೆನರಾ ಆಯ್ತು, 2024ರ ಸ್ಪ್ಲಿಟ್ ಆದ ಮೇಲೆ 790 ಆಯ್ತು, 2024-25ರ ಡಿವಿಡೆಂಡ್ 4 ರೂಪಾಯಿಯಂತೆ 3,160 ರೂಪಾಯಿ. ಹಳೇ ಸಿಂಡಿಕೇಟ್ ಡಿವಿಡೆಂಡನ್ನೂ ಈಗಿನ ಕೆನರಾ ಡಿವಿಡೆಂಡನ್ನೂ ಶೇರಿಗೆ ಇಷ್ಟು ಅಂತ ಒಂದೇ ಸಾಲಲ್ಲಿ ಬರೆದ್ರೆ ಯಾವ ಅರ್ಥವೂ ಇಲ್ಲ, "ನಮ್ಮ ಮನೆಗೆ ಒಟ್ಟು ಎಷ್ಟು ಬಂತು" ಅಂತ ಬರೆದ್ರೆ ಮಾತ್ರ ಸರಿ ಕಾಣ್ತದೆ.

ಸ್ಪೆಷಲ್ ಡಿವಿಡೆಂಡನ್ನು ಬೇರೆ ಇಡಿ

ದೊಡ್ಡಮ್ಮನ ಮಗನ ಆ ಶೇರಿನ ಕಥೆ ಇಲ್ಲಿ ಬಯಲಾದದ್ದು. ಬೆಲೆ 200ರ ಹತ್ತಿರ, ಹಿಂದಿನ ಹನ್ನೆರಡು ತಿಂಗಳಲ್ಲಿ ಬಂದ ಡಿವಿಡೆಂಡ್ 22 ರೂಪಾಯಿ, ಆ್ಯಪ್ ಲೆಕ್ಕ ಹಾಕಿ 11% ಅಂತ ತೋರಿಸಿತು, ಲೆಕ್ಕ ತಪ್ಪಲ್ಲ. ಆದ್ರೆ ಆ 22ರಲ್ಲಿ 17 ರೂಪಾಯಿ ಸ್ಪೆಷಲ್, ಕಂಪನಿ ಒಂದು ಜಾಗ ಮಾರಿದ ಹಣದಿಂದ ಕೊಟ್ಟದ್ದು. ಜಾಗವನ್ನು ಇನ್ನೊಮ್ಮೆ ಮಾರ್ಲಿಕ್ಕೆ ಆಗುದಿಲ್ಲ ಅಲ್ವಾ. ಅದನ್ನು ತೆಗೆದ್ರೆ 5 ರೂಪಾಯಿ, ಯೀಲ್ಡ್ 2.5%. ನಮ್ಮ "ಯಾಕೆ" ಕಾಲಂನಲ್ಲಿ ಅವನೇ ಬರೆದ, "ಜಾಗ ಮಾರಿದ್ದು, ಒಮ್ಮೆ ಮಾತ್ರ" ಅಂತ. ಎಫ್‌ಡಿ ಮುರಿಯುವ ಮಾತು ಅಲ್ಲಿಗೆ ನಿಂತಿತು.

ದೊಡ್ಡ ಕಂಪನಿಗಳಲ್ಲೂ ಹೀಗೇ ಉಂಟು. ಟಿಸಿಎಸ್ 2023ರ ಜನವರಿಯಲ್ಲಿ 8 ರೂಪಾಯಿ ಮಾಮೂಲಿ ಇಂಟೆರಿಮ್ ಜೊತೆ 67 ರೂಪಾಯಿ ಸ್ಪೆಷಲ್ ಕೊಟ್ಟಿತು, 2024ರ ಜನವರಿಯಲ್ಲಿ 9ರ ಜೊತೆ 18, 2025ರ ಜನವರಿಯಲ್ಲಿ 10ರ ಜೊತೆ 66. ಒಟ್ಟು ನೋಡಿದ್ರೆ ಏರಿಳಿತ, ಮಾಮೂಲಿಯದ್ದು ಮಾತ್ರ ನೋಡಿದ್ರೆ 8, 9, 10 ಅಂತ ಮೆಟ್ಟಿಲು ಹತ್ತಿದ ಹಾಗೆ. ಐಟಿಸಿ 2022-23ಕ್ಕೆ 15.50 ಕೊಟ್ಟು ಮುಂದಿನ ವರ್ಷ 13.75 ಕೊಟ್ಟಿತು, ಕಮ್ಮಿ ಮಾಡಿದ್ರು ಅಂತ ತುಂಬಾ ಜನ ಬೇಜಾರು ಮಾಡ್ಕೊಂಡ್ರು, ಆದ್ರೆ ಆ 15.50ರಲ್ಲಿ 2.75 ಸ್ಪೆಷಲ್ ಇತ್ತು, ಮಾಮೂಲಿಯದ್ದು 12.75ರಿಂದ 13.75ಕ್ಕೆ ಏರಿದ್ದು. ಹಾಗಾಗಿ ನಾನು ಯಾವತ್ತೂ ಯೀಲ್ಡ್ ಹಾಕುದು ಮಾಮೂಲಿ ಡಿವಿಡೆಂಡ್ ಮೇಲೆ, ಸ್ಪೆಷಲ್ ಬಂದ್ರೆ ಸಂತೋಷ, ಅದನ್ನು ನಂಬಿ ತಿಂಗಳ ಖರ್ಚು ಯೋಜನೆ ಮಾಡುದಿಲ್ಲ.

ಸೊನ್ನೆ ಇದ್ದ ವರ್ಷಗಳನ್ನು ಬಿಟ್ಟು ಹೋಗ್ಬೇಡಿ

ಕಾರ್ಪೊರೇಟ್ ಆಕ್ಷನ್ಸ್ ಪಟ್ಟಿಯಲ್ಲಿ ಕೊಟ್ಟದ್ದು ಮಾತ್ರ ಇರ್ತದೆ, ಕೊಡದೇ ಇದ್ದ ವರ್ಷಕ್ಕೆ ಸಾಲೇ ಇರುದಿಲ್ಲ, ಹಾಗಾಗಿ ಕಣ್ಣಿಗೆ ಬೀಳುದಿಲ್ಲ. ನೋಟ್‌ಬುಕ್ಕಲ್ಲಿ ವರ್ಷಗಳನ್ನು ಮೊದಲೇ ಬರೆದಿಟ್ಕೊಂಡ್ರೆ ಖಾಲಿ ಜಾಗ ತಾನಾಗಿ ಕಾಣ್ತದೆ. ಕರ್ಣಾಟಕ ಬ್ಯಾಂಕಿನ ಸಾಲು ಹೀಗೆ ಉಂಟು: 2018-19ಕ್ಕೆ 3.50, 2019-20ಕ್ಕೆ ಇಲ್ಲ, 2020-21ಕ್ಕೆ 1.80, ಆಮೇಲೆ 4, 5, 5.50, 2024-25ಕ್ಕೆ 5. ಮಧ್ಯದ ಸೊನ್ನೆ ನೋಡಿ ಬ್ಯಾಂಕೇ ಕಷ್ಟದಲ್ಲಿತ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ, ಕೋವಿಡ್ ಬಂದಾಗ 2020ರ ಏಪ್ರಿಲ್ 17ಕ್ಕೆ ರಿಸರ್ವ್ ಬ್ಯಾಂಕ್ ಎಲ್ಲಾ ಬ್ಯಾಂಕುಗಳಿಗೂ ಡಿವಿಡೆಂಡ್ ಕೊಡ್ಬೇಡಿ, ಬಂಡವಾಳ ಉಳಿಸಿ ಅಂತ ಹೇಳಿತ್ತು, ಡಿಸೆಂಬರಲ್ಲಿ ಅದನ್ನೇ ಮುಂದುವರಿಸಿತು. ಬ್ಯಾಂಕ್ ಶೇರು ಇಟ್ಟವರಿಗೆ ಇದು ನೆನಪಿರ್ಬೇಕು, ಬ್ಯಾಂಕಿನ ಡಿವಿಡೆಂಡ್ ಅದರ ಡೈರೆಕ್ಟರುಗಳ ಮಂಡಳಿಯ ಕೈಯಲ್ಲಿ ಮಾತ್ರ ಇಲ್ಲ, ಬಂಡವಾಳದ ಅನುಪಾತ, ನೆಟ್ ಎನ್‌ಪಿಎ (ವಾಪಸ್ ಬಾರದೆ ನಿಂತ ಸಾಲ) ಇದನ್ನೆಲ್ಲ ನೋಡಿ ಎಷ್ಟು ಕೊಡ್ಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಉಂಟು.

ಇನ್ನೊಂದು ರೀತಿಯ ಸೊನ್ನೆ ನಮ್ಮ ಸುರತ್ಕಲ್ ಕಡೆಯ ಎಂಆರ್‌ಪಿಎಲ್‌ನದ್ದು. 2016-17ಕ್ಕೆ 6 ರೂಪಾಯಿ, ಮರುವರ್ಷ 3, ಅದರ ಮರುವರ್ಷ 1, ಆಮೇಲೆ ಕೆಲವು ವರ್ಷ ಎಂತದೂ ಇಲ್ಲ, ಪುನಃ 2023-24ಕ್ಕೆ ಇಂಟೆರಿಮ್ 1 ಫೈನಲ್ 2 ಸೇರಿ 3. ರಿಫೈನರಿ ಅಂದ್ರೆ ಹಾಗೆಯೇ, ಕಚ್ಚಾ ತೈಲ ತೆಗೊಳ್ಳುವ ಬೆಲೆಗೂ ಪೆಟ್ರೋಲ್ ಡೀಸೆಲ್ ಮಾರುವ ಬೆಲೆಗೂ ಮಧ್ಯದ ಮಾರ್ಜಿನ್ ಮೇಲೆ ಎಲ್ಲ ನಿಂತಿರುದು, ಅದು ಜಗತ್ತಿನ ಮಾರುಕಟ್ಟೆ ಹೇಳಿದ ಹಾಗೆ ಕುಣೀತದೆ. ಇಂಥ ಕಂಪನಿಯ ಒಳ್ಳೇ ವರ್ಷದ ಯೀಲ್ಡ್ ನೋಡಿ ಇದು ಪ್ರತಿ ವರ್ಷ ಬರ್ತದೆ ಅಂತ ಅಂದ್ಕೊಳ್ಳುದು ಅಪಾಯ, ಹತ್ತು ವರ್ಷದ್ದು ಕೂಡಿಸಿ ಹತ್ತರಿಂದ ಭಾಗಿಸಿ, ಆ ಸರಾಸರಿ ಮೇಲೆ ಯೀಲ್ಡ್ ಹಾಕಿ, ಸೊನ್ನೆಗಳನ್ನೂ ಸೇರಿಸಿ.

ಈಗ ಯೀಲ್ಡ್

ಸೂತ್ರ ಒಂದೇ ಸಾಲು: ಒಂದು ವರ್ಷದ ಡಿವಿಡೆಂಡನ್ನು ಶೇರಿನ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸಿ. 5 ರೂಪಾಯಿ ಡಿವಿಡೆಂಡ್, ಬೆಲೆ 200, ಯೀಲ್ಡ್ 2.5%. ಬೆಲೆ 250ಕ್ಕೆ ಏರಿದ್ರೆ 2%, 160ಕ್ಕೆ ಇಳಿದ್ರೆ 3.1%. ಕಂಪನಿ ಒಂದು ಪೈಸೆ ಹೆಚ್ಚು ಕೊಡದೆ ಯೀಲ್ಡ್ ಏರಿತು, ಇದನ್ನು ಸ್ವಲ್ಪ ನಿಂತು ಯೋಚನೆ ಮಾಡಿ.

ತೋಟ ಇದ್ದವರಿಗೆ ಇದು ಬೇಗ ಅರ್ಥ ಆಗ್ತದೆ. ಒಂದು ಅಡಿಕೆ ತೋಟ 30 ಲಕ್ಷ ಬಾಳ್ತದೆ, ಖರ್ಚು ಕಳೆದು ವರ್ಷಕ್ಕೆ ಒಂದೂವರೆ ಲಕ್ಷ ಉಳೀತದೆ ಅಂತ ಇಟ್ಕೊಳ್ಳುವ, ಅಂದ್ರೆ 5%. ಈಗ ಸುಳ್ಯ ಕಡೆ ಆದ ಹಾಗೆ ಹಳದಿ ಎಲೆ ರೋಗ ಬಂತು, ತೋಟದ ಬೆಲೆ 15 ಲಕ್ಷಕ್ಕೆ ಬಿತ್ತು. ಹೋದ ವರ್ಷದ ಒಂದೂವರೆ ಲಕ್ಷವನ್ನು ಈಗಿನ 15 ಲಕ್ಷಕ್ಕೆ ಭಾಗಿಸಿದ್ರೆ 10% ಕಾಣ್ತದೆ, ಆದ್ರೆ ಆ ಒಂದೂವರೆ ಲಕ್ಷ ರೋಗ ಬರುವ ಮೊದಲಿನ ಫಸಲಿನದ್ದು. ತೋಟ ನೋಡ್ಲಿಕ್ಕೆ ಹೋದವ ಮರದ ತಲೆ ನೋಡದೆ ಹೋದ ವರ್ಷದ ಲೆಕ್ಕದ ಚೀಟಿ ಮಾತ್ರ ನೋಡಿ ಅಡ್ವಾನ್ಸ್ ಕೊಡ್ತಾನಾ? ಶೇರಿನಲ್ಲಿ ಯೀಲ್ಡ್ ಇದ್ದಕ್ಕಿದ್ದ ಹಾಗೆ ಏರಿದ್ರೆ ಮೊದಲು ನೋಡ್ಬೇಕಾದದ್ದು ಅದನ್ನೇ, ಡಿವಿಡೆಂಡ್ ಏರಿ ಯೀಲ್ಡ್ ಏರಿತಾ, ಬೆಲೆ ಬಿದ್ದು ಏರಿತಾ, ಬಿದ್ದದ್ದು ಯಾಕೆ.

ಆ್ಯಪುಗಳು ತೋರಿಸುದು ಸಾಮಾನ್ಯವಾಗಿ ಹಿಂದಿನ ಹನ್ನೆರಡು ತಿಂಗಳಲ್ಲಿ ಎಕ್ಸ್-ಡೇಟ್ ಆದ ಎಲ್ಲದರ ಮೊತ್ತ. ಇದರಲ್ಲಿ ಒಂದು ಸೂಕ್ಷ್ಮ ಉಂಟು. ಐಟಿಸಿಯ 2023-24ರ ಫೈನಲ್ 7.50 ರೂಪಾಯಿ, ಎಕ್ಸ್-ಡೇಟ್ 2024ರ ಜೂನ್ 4. ಮುಂದಿನ ವರ್ಷದ ಇಂಟೆರಿಮ್ 6.50 ಫೆಬ್ರವರಿಯಲ್ಲಿ, ಫೈನಲ್ 7.85 ಎಕ್ಸ್-ಡೇಟ್ 2025ರ ಮೇ 28. ಈಗ ಮೇ 29ಕ್ಕೆ ಕೂತು ಹಿಂದಿನ ಹನ್ನೆರಡು ತಿಂಗಳು ಎಣಿಸಿ, ಎರಡು ವರ್ಷದ ಎರಡು ಫೈನಲ್ಲೂ ಒಳಗೆ ಬರ್ತದೆ, ಒಟ್ಟು 21.85. ನಿಜವಾಗಿ 2024-25ಕ್ಕೆ ಕೊಟ್ಟದ್ದು 14.35 ಮಾತ್ರ. ಆ ಒಂದು ವಾರ ಹೀಗೆ ಕೂಡಿಸಿದ ಯಾವ ಲೆಕ್ಕದಲ್ಲೂ ಯೀಲ್ಡ್ ಒಂದೂವರೆ ಪಟ್ಟು ಆಗ್ತದೆ. ಅದಕ್ಕೇ ಹೇಳುದು, ಯಾವ ಹಣಕಾಸು ವರ್ಷದ್ದು ಅಂತ ನೋಡಿ ಕೂಡಿಸಿ, ಕ್ಯಾಲೆಂಡರ್ ನೋಡಿ ಅಲ್ಲ. 2024-25ರ ಫೈನಲ್ ಡಿವಿಡೆಂಡ್ ನಿಮ್ಮ ಅಕೌಂಟಿಗೆ ಬಂದದ್ದು ಶೇರುದಾರರ ಮಹಾಸಭೆ ಆದ ಮೇಲೆ, 2025ರ ಮಳೆಗಾಲದ ಹೊತ್ತಿಗೆ, ಆದ್ರೂ ನೋಟ್‌ಬುಕ್ಕಲ್ಲಿ ಅದು 2024-25ರ ಸಾಲಿಗೇ ಹೋಗ್ಬೇಕು.

ಹಳೇ ಶೇರು ಇದ್ದವರು ತಾವು ಕೊಟ್ಟ ಬೆಲೆ ಮೇಲೆ ಯೀಲ್ಡ್ ಹಾಕಿ ಖುಷಿ ಪಡುದುಂಟು, ಅಪ್ಪ 40 ರೂಪಾಯಿಗೆ ತೆಗೊಂಡ ಶೇರಿಗೆ ಈಗ 5 ರೂಪಾಯಿ ಬರ್ತದೆ, 12.5% ಆಯ್ತಲ್ಲ ಅಂತ. ಇಷ್ಟು ವರ್ಷ ಇಟ್ಟದ್ದಕ್ಕೆ ಒಳ್ಳೇದಾಯ್ತು ಅಂತ ತಿಳೀಲಿಕ್ಕೆ ಅದು ಸಾಕು, ಆದ್ರೆ ಈಗ ಇಡುದಾ ಮಾರುದಾ ಅಂತ ತೀರ್ಮಾನಕ್ಕೆ ಇವತ್ತಿನ ಬೆಲೆ ಮೇಲಿನ ಯೀಲ್ಡೇ ಬೇಕು, ಯಾಕಂದ್ರೆ ಮಾರಿದ್ರೆ ಕೈಗೆ ಬರುದು ಇವತ್ತಿನ ಬೆಲೆ.

ಲಾಭದಿಂದ ಕೊಟ್ಟರಾ, ಎಲ್ಲಿಂದ ಕೊಟ್ಟರು

ಶೇರಿಗೆ ಕೊಟ್ಟ ಡಿವಿಡೆಂಡನ್ನು ಶೇರಿಗೆ ಬಂದ ಲಾಭದಿಂದ ಭಾಗಿಸಿದ್ರೆ ಪೇಔಟ್ ಅನುಪಾತ. ಕರ್ಣಾಟಕ ಬ್ಯಾಂಕಿಗೆ 2024-25ರಲ್ಲಿ ನಿವ್ವಳ ಲಾಭ 1,272 ಕೋಟಿ, ಶೇರು ಸುಮಾರು 37.8 ಕೋಟಿ, ಶೇರಿಗೆ 33-34 ರೂಪಾಯಿ ಲಾಭ, ಅದರಲ್ಲಿ 5 ರೂಪಾಯಿ ಹಂಚಿದ್ರು, ಅಂದ್ರೆ ಸುಮಾರು 15%. ಉಳಿದದ್ದು ಬ್ಯಾಂಕಲ್ಲೇ ಬಂಡವಾಳ ಆಗಿ ಉಳೀತು, ಬ್ಯಾಂಕಿಗೆ ಸಾಲ ಕೊಡ್ಲಿಕ್ಕೆ ಬಂಡವಾಳ ಬೇಕೇ ಬೇಕು, ಹಾಗಾಗಿ ಬ್ಯಾಂಕಲ್ಲಿ ಕಮ್ಮಿ ಪೇಔಟ್ ಸಹಜ. ಸಿಗರೇಟು, ಸಾಫ್ಟ್‌ವೇರ್ ಕಂಪನಿಗಳಿಗೆ ಅಷ್ಟು ಬಂಡವಾಳ ಬೇಡ, ಅವು 80% ಕೊಟ್ರೂ ತೊಂದರೆ ಇಲ್ಲ. ಬ್ಯಾಂಕಿನ ಪೇಔಟನ್ನು ಟಿಸಿಎಸ್ ಜೊತೆ ಹೋಲಿಸುದು ಸರಿ ಅಲ್ಲ, ಒಂದೇ ಕಸುಬಿನವರನ್ನು ಹೋಲಿಸಿ.

ಡಿವಿಡೆಂಡ್ ಏರಿದ್ದು ಲಾಭ ಏರಿದ್ದಕ್ಕಾ, ಹಂಚುವ ಪಾಲು ಏರಿದ್ದಕ್ಕಾ ಅಂತ ಬಿಡಿಸಿ ನೋಡ್ಬೇಕು. ಐಟಿಸಿ 2018-19ಕ್ಕೆ 5.75 ಕೊಟ್ಟದ್ದು 2019-20ಕ್ಕೆ 10.15 ಆಯ್ತು, ಮುಕ್ಕಾಲು ಪಾಲು ಏರಿಕೆ. ಲಾಭ ಏರಿದ್ದು ಐದನೇ ಒಂದು ಭಾಗದಷ್ಟು ಮಾತ್ರ, 12,464 ಕೋಟಿಯಿಂದ 15,136 ಕೋಟಿಗೆ. ಉಳಿದ ಏರಿಕೆ ಬಂದದ್ದು ಲಾಭದಲ್ಲಿ ಹೆಚ್ಚು ಪಾಲು ಹಂಚಿದ್ದರಿಂದ. ಹೀಗೆ ಹೆಚ್ಚು ಹಂಚ್ಲಿಕ್ಕೆ ಒಂದು ಅನುಕೂಲವೂ ಆಯ್ತು, 2020ರ ಏಪ್ರಿಲಿಂದ ಡಿವಿಡೆಂಡ್ ಡಿಸ್ಟ್ರಿಬ್ಯೂಶನ್ ಟ್ಯಾಕ್ಸ್ ತೆಗೆದ್ರು, ಅಲ್ಲಿವರೆಗೆ ಕೊಟ್ಟ ಡಿವಿಡೆಂಡ್ ಮೇಲೆ ಕಂಪನಿಯೇ ಸುಮಾರು 20.56% ತೆರಿಗೆ ಕಟ್ತಿತ್ತು. ಪಾಲು ಏರಿಸುದನ್ನು ಒಂದು ಸಲ ಮಾಡ್ಬಹುದು, ನೂರಕ್ಕೆ ನೂರು ಆದ ಮೇಲೆ ಮೇಲೆ ಹೋಗ್ಲಿಕ್ಕೆ ಜಾಗ ಇಲ್ಲ, ಆಮೇಲೆ ಲಾಭ ಏರಿದ್ರೆ ಮಾತ್ರ ಡಿವಿಡೆಂಡ್ ಏರುದು.

ನೂರು ದಾಟಿದ ಉದಾಹರಣೆ ಗಣಿ, ಲೋಹದ ಕಂಪನಿ ವೇದಾಂತ. 2022-23ರಲ್ಲಿ ಐದು ಸಲ ಕೊಟ್ಟು ಶೇರಿಗೆ ಒಟ್ಟು 101.50 ರೂಪಾಯಿ, ಆ ವರ್ಷದ ಲಾಭ ಶೇರಿಗೆ 30 ರೂಪಾಯಿ ಕೂಡ ಇರ್ಲಿಲ್ಲ, ಡಿವಿಡೆಂಡಿನ ದೊಡ್ಡ ಪಾಲು ಹೋಗುವ ಮಾತೃ ಕಂಪನಿಗೆ ಸಾಲದ ಹೊರೆ ದೊಡ್ಡದಿತ್ತು. ಮಾರ್ಚ್ ಕೊನೆಗೆ ಬೆಲೆ 275ರ ಆಸುಪಾಸು, ಯೀಲ್ಡ್ ಅಂತ ಹಾಕಿದ್ರೆ ಸುಮಾರು 37%. ಮರುವರ್ಷ ಕೊಟ್ಟದ್ದು 29.50. ಅದೂ ಕಮ್ಮಿ ಅಲ್ಲ, ಆದ್ರೆ 37 ನೋಡಿ ಹೋದವನಿಗೆ ಸಿಕ್ಕಿದ್ದು ಹತ್ತು ಹನ್ನೊಂದು. ಲಾಭದ ಮೂರು ಪಟ್ಟಿಗಿಂತ ಹೆಚ್ಚು ಹಂಚಿದ ಹಣ ಹಳೇ ಉಳಿಕೆಯಿಂದಲೋ ಸಾಲದಿಂದಲೋ ಬಂದಿರ್ಬೇಕು, ಎರಡೂ ಪ್ರತಿ ವರ್ಷ ಆಗುವ ಕೆಲಸ ಅಲ್ಲ. ಬ್ಯಾಂಕ್ ಬಿಟ್ಟು ಬೇರೆ ಕಂಪನಿ ಆದ್ರೆ ವಾರ್ಷಿಕ ವರದಿಯಲ್ಲಿ ಕ್ಯಾಶ್ ಫ್ಲೋ ಪಟ್ಟಿ ತೆಗೆದು, ವ್ಯವಹಾರದಿಂದ ಬಂದ ನಗದಿನಲ್ಲಿ ಮೆಶಿನು ಕಟ್ಟಡಕ್ಕೆ ಹಾಕಿದ್ದನ್ನು ಕಳೆದು, ಉಳಿದದ್ದು ಡಿವಿಡೆಂಡಿಗೆ ಸಾಕಾಗ್ತದಾ ಅಂತ ಮೂರು ವರ್ಷದ್ದು ನೋಡಿ. ಸಾಕಾಗದೆ ಸಾಲ ಏರ್ತಾ ಉಂಟು ಅಂದ್ರೆ ನಾನು ಆ ಶೇರಿನಿಂದ ದೂರ ನಿಲ್ತೇನೆ, ಯೀಲ್ಡ್ ಎಷ್ಟೇ ಇರ್ಲಿ.

ದಿನಾಂಕಗಳು, ಮತ್ತೆ ಎಕ್ಸ್-ಡೇಟಿನ ಮುಂಚೆ ತೆಗೊಳ್ಳುವ ಆಸೆ

ಇಂಟೆರಿಮ್ ಡಿವಿಡೆಂಡ್ ಮಂಡಳಿಯೇ ತೀರ್ಮಾನ ಮಾಡ್ತದೆ. ಫೈನಲ್ಲಿಗೆ ಮಂಡಳಿ ಶಿಫಾರಸು, ಮಹಾಸಭೆಯಲ್ಲಿ ಒಪ್ಪಿಗೆ, ಸಭೆ ಕಮ್ಮಿ ಮಾಡ್ಬಹುದು, ಮಂಡಳಿ ಹೇಳಿದ್ದಕ್ಕಿಂತ ಹೆಚ್ಚು ಮಾಡ್ಲಿಕ್ಕೆ ಆಗುದಿಲ್ಲ. ಘೋಷಣೆ ಆಗಿ 30 ದಿನದ ಒಳಗೆ ಹಣ ಕೊಡ್ಬೇಕು. 2023ರ ಜನವರಿ 27ರಿಂದ ಎಲ್ಲಾ ಶೇರಿಗೂ ಟಿ ಪ್ಲಸ್ ಒನ್ ಸೆಟಲ್‌ಮೆಂಟ್ (ತೆಗೊಂಡ ಶೇರು ಮರು ವ್ಯವಹಾರದ ದಿನ ನಿಮ್ಮ ಹೆಸರಿಗೆ ಬರುದು) ಬಂದ ಮೇಲೆ ಎಕ್ಸ್-ಡೇಟ್, ರೆಕಾರ್ಡ್ ಡೇಟ್ (ಡಿವಿಡೆಂಡ್ ಯಾರಿಗೆ ಅಂತ ಕಂಪನಿ ಪಟ್ಟಿ ನೋಡುವ ದಿನ) ಸಾಮಾನ್ಯವಾಗಿ ಒಂದೇ ದಿನ, ಅದರ ಹಿಂದಿನ ವ್ಯವಹಾರದ ದಿನವಾದ್ರೂ ತೆಗೊಂಡಿರ್ಬೇಕು. ಆದ್ರೆ ಡಿವಿಡೆಂಡಿಗೋಸ್ಕರ ಅಂತಲೇ ಹಿಂದಿನ ದಿನ ತೆಗೊಂಡು ಮರುದಿನ ಮಾರುವ ಯೋಚನೆ ಬೇಡ. ಎಕ್ಸ್-ಡೇಟಿಗೆ ಬೆಲೆ ಸುಮಾರಾಗಿ ಡಿವಿಡೆಂಡಿನಷ್ಟೇ ಇಳೀತದೆ, ಕಂಪನಿಯ ಹಣ ಹೊರಗೆ ಹೋಯ್ತಲ್ಲ, ನಿಮ್ಮ ಬಲ ಜೇಬಿಂದ ಎಡ ಜೇಬಿಗೆ ಬಂದ ಹಾಗೆ, ಮಧ್ಯದಲ್ಲಿ ತೆರಿಗೆ, ಬ್ರೋಕರೇಜ್ ನಿಮ್ಮ ಲೆಕ್ಕಕ್ಕೆ.

ತೆರಿಗೆ ಕಳೆದು ಕೈಗೆ ಎಷ್ಟು

2020ರ ಏಪ್ರಿಲಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. 30% ಸ್ಲ್ಯಾಬಿನವರಿಗೆ 2.5% ಯೀಲ್ಡ್ ಕೈಗೆ ಬರುವಾಗ ಸುಮಾರು 1.7%. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದ್ರೆ 10% ಟಿಡಿಎಸ್ ಕಡೀತಾರೆ, 2025ರ ಏಪ್ರಿಲಿಗಿಂತ ಮೊದಲು ಈ ಮಿತಿ 5,000 ಇತ್ತು, ಪ್ಯಾನ್ ಕೊಡದಿದ್ರೆ 20%. ಆದಾಯ ತೆರಿಗೆ ಮಿತಿಗಿಂತ ಕೆಳಗಿರುವ ದೊಡ್ಡಮ್ಮನಂಥ ಹಿರಿಯರು ಟಿಡಿಎಸ್ ಬೇಡ ಅಂತ ಡಿಕ್ಲರೇಶನ್ ಫಾರ್ಮ್ ಕಂಪನಿಯ ರಿಜಿಸ್ಟ್ರಾರಿಗೆ (ಶೇರುದಾರರ ದಾಖಲೆ ನೋಡ್ಕೊಳ್ಳುವ ಸಂಸ್ಥೆ) ರೆಕಾರ್ಡ್ ಡೇಟಿನ ಮೊದಲೇ ಕೊಡ್ಬೇಕು, ಬ್ಯಾಂಕಲ್ಲಿ ಎಫ್‌ಡಿಗೆ ಕೊಟ್ಟದ್ದು ಇದಕ್ಕೆ ನಡಿಯುದಿಲ್ಲ. ಕಡಿದ್ರೂ ರಿಟರ್ನ್ ಹಾಕಿ ವಾಪಸ್ ತೆಗೀಬಹುದು. ಬಂದ ಡಿವಿಡೆಂಡ್ ಎಲ್ಲ ಆದಾಯ ತೆರಿಗೆ ವೆಬ್‌ಸೈಟಿನ ವಾರ್ಷಿಕ ಪಟ್ಟಿಯಾದ ಎಐಎಸ್‌ನಲ್ಲಿ ಕಾಣ್ತದೆ, ವರ್ಷಕ್ಕೊಮ್ಮೆ ನೋಟ್‌ಬುಕ್ ಜೊತೆ ತಾಳೆ ಹಾಕಿ, ಅದರಲ್ಲಿ ಉಂಟು ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇಲ್ಲ ಅಂದ್ರೆ ಎಲ್ಲೋ ಹಳೇ ಅಕೌಂಟ್ ನಂಬರ್ ಉಳಿದಿದೆ ಅಂತ ಅರ್ಥ.

ಟ್ರಂಕಿನಲ್ಲಿರುವ ಕಾಗದದ ಶೇರು

ಅವತ್ತು ಊಟ ಆದ ಮೇಲೆ ದೊಡ್ಡಮ್ಮ ಒಂದು ಹಳೇ ಫೈಲು ತಂದಿಟ್ರು, "ಇದೊಂದು ನೋಡು ಮಗಾ, ನಿನ್ನ ದೊಡ್ಡಪ್ಪ ಇಟ್ಟದ್ದು" ಅಂತ. ಕಾಗದದ ಶೇರು ಸರ್ಟಿಫಿಕೇಟ್, ಜೊತೆಗೆ ಬ್ಯಾಂಕಿಗೆ ಹಾಕದೆ ಉಳಿದ ನಾಲ್ಕು ಡಿವಿಡೆಂಡ್ ವಾರಂಟ್ (ಡಿವಿಡೆಂಡಿಗೆ ಕಂಪನಿ ಕಳಿಸುವ ಚೆಕ್ಕಿನಂಥದ್ದು), ಮನೆ ಬದಲಿಸಿದ ಮೇಲೆ ಬಂದ ಅಂಚೆ ಹಳೇ ವಿಳಾಸಕ್ಕೇ ಹೋಗಿತ್ತು. ಕಂಪನಿ ಕಾಯ್ದೆ ಪ್ರಕಾರ ತೆಗೊಳ್ಳದ ಡಿವಿಡೆಂಡ್ ಮೊದಲು ಬೇರೆ ಖಾತೆಗೆ ಹೋಗ್ತದೆ, ಅಲ್ಲಿ ಏಳು ವರ್ಷ ಆದ ಮೇಲೆ ಹೂಡಿಕೆದಾರರಿಗೋಸ್ಕರ ಇರುವ ಸರಕಾರದ ಐಇಪಿಎಫ್ ನಿಧಿಗೆ, ಸತತ ಏಳು ವರ್ಷ ಡಿವಿಡೆಂಡ್ ತೆಗೊಳ್ಳದಿದ್ರೆ ಶೇರು ಕೂಡ ಅಲ್ಲಿಗೇ. ಹೋದದ್ದು ಮುಳುಗಿತು ಅಂತ ಅಲ್ಲ. ಏಳು ವರ್ಷ ಆಗದ್ದನ್ನು ಕಂಪನಿಯ ರಿಜಿಸ್ಟ್ರಾರಿಗೆ ಬರೆದೇ ತೆಗೀಬಹುದು. ನಿಧಿಗೆ ಹೋದದ್ದಕ್ಕೆ ಐಇಪಿಎಫ್ ವೆಬ್‌ಸೈಟಲ್ಲಿ ಹೆಸರು ಅಥವಾ ಫೋಲಿಯೋ ನಂಬರ್ ಹಾಕಿ ಹುಡುಕಿ, ಕಂಪನಿಯಿಂದ ಅರ್ಹತಾ ಪತ್ರ ತರಿಸಿ, ಐಇಪಿಎಫ್-5 ಫಾರ್ಮ್ ಆನ್‌ಲೈನಲ್ಲಿ ತುಂಬಿಸಿ, ಪ್ರಿಂಟ್ ತೆಗೆದು ದಾಖಲೆ ಸಮೇತ ಕಂಪನಿಯ ನೋಡಲ್ ಆಫೀಸರಿಗೆ (ಈ ಕೆಲಸಕ್ಕೆ ನೇಮಿಸಿದವರು) ಕಳಿಸ್ಬೇಕು, ಶೇರು ವಾಪಸ್ ಬರುದು ಡಿಮ್ಯಾಟಿಗೆ (ಕಾಗದ ಇಲ್ಲದೆ ಶೇರು ಇಡುವ ಖಾತೆ), ಹಾಗಾಗಿ ಡಿಮ್ಯಾಟ್ ಅಕೌಂಟ್ ಮೊದಲೇ ಮಾಡಿಸಿ. ಫಾರ್ಮಿಗೆ ಸರಕಾರದ ಫೀಸು ಇಲ್ಲ, ಅರ್ಧ ಪಾಲು ಕೊಡಿ ಮಾಡಿಸಿ ಕೊಡ್ತೇವೆ ಅಂತ ಬರುವವರಿಗೆ ಸಹಿ ಹಾಕ್ಬೇಡಿ.

ನಿಧಿಗೆ ಹೋಗದೆ ಇನ್ನೂ ಕಾಗದದಲ್ಲೇ ಇರುವ ಶೇರಿಗೆ 2024ರ ಏಪ್ರಿಲ್ 1ರಿಂದ ಪ್ಯಾನ್, ಫೋನ್ ನಂಬರ್, ಬ್ಯಾಂಕ್ ವಿವರ ಎಲ್ಲ ಕೊಟ್ಟು ಕೆವೈಸಿ ಮಾಡಿಸದೆ ಡಿವಿಡೆಂಡ್ ಬರುದಿಲ್ಲ, ಬರುದು ಬ್ಯಾಂಕ್ ಅಕೌಂಟಿಗೆ ನೇರ ಮಾತ್ರ. ದೊಡ್ಡಪ್ಪನ ಹೆಸರಲ್ಲಿ ಇದ್ದದ್ದಕ್ಕೆ ಮರಣ ಪ್ರಮಾಣಪತ್ರ, ಹೆಸರು ಬದಲಾವಣೆಯ ಅರ್ಜಿ ಮೊದಲು ಹೋಗ್ಬೇಕಿತ್ತು, ಅದನ್ನು ಸೋಮವಾರವೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಸಿದೆವು, ಆ ನಾಲ್ಕು ವಾರಂಟುಗಳ ನಂಬರನ್ನೂ ಮೊತ್ತವನ್ನೂ ದೊಡ್ಡಮ್ಮನ ಮಗ ನೋಟ್‌ಬುಕ್ಕಿನ ಆಯಾ ವರ್ಷದ ಸಾಲಿಗೆ ಪೆನ್ಸಿಲಲ್ಲಿ ಬರೆದಿಟ್ಟಿದ್ದಾನೆ, ಹಣ ಬಂದ ದಿನ ಪೆನ್ನಲ್ಲಿ ತಿದ್ದಲಿಕ್ಕೆ.